ಏಳು ಸೆಂಟಿಮೀಟರ್

ಬಿಸ್ಕತ್ತಿನ ಡಬ್ಬಿಯಲ್ಲಿ ಬಂತು ಜಡೆ,
ಲ್ಯಾಪ್‌ಲ್ಯಾಂಡಿನಿಂದ ಔಲುವಿನ ಹಾಸ್ಟೆಲಿಗೆ,
ಎರಡು ಜೊತೆ ಉಣ್ಣೆಯ ಕಾಲುಚೀಲಗಳ ನಡುವೆ.
'ಕತ್ತರಿಸಿದ್ದು ಎಪ್ಪತ್ತೆರಡರ ಜೂನ್. ಬೇಕಾದ್ದು ಮಾಡಿಕೋ.'
ಅಜ್ಜಿ ಔನೆಯ ಪತ್ರಗಳು ಯಾವಾಗಲೂ ಇಷ್ಟೇ.

ಹಿಲ್ಪಾ ಅದಕ್ಕೆ ಹೆಸರಿಟ್ಟಳು: ಕೆ-೧೭.
ಬುಡ ಯಾವುದೆಂದು ಮರೆಯದಿರಲು ಕೆಂಪು ದಾರ.
ತಿಂಗಳಿಗೊಂದು ಸೆಂಟಿಮೀಟರ್, ಸರಿಸುಮಾರು;
ಜಡೆಯೆಂದರೆ ತಲೆಕೆಳಗಾದ ಪಂಚಾಂಗ.

ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದಳು:
ಅಣೆಕಟ್ಟು ಎದ್ದಿತು, ಕಾಡು ನಿಂತಲ್ಲೇ ಮುಳುಗಿತು,
ಎಲೆ ಕೊಳೆವ ಕತ್ತಲಲ್ಲಿ, ಉಸಿರಿಲ್ಲದ ಕೆಸರಲ್ಲಿ
ಕಣ್ಣಿಗೆ ಕಾಣದ ಜೀವಿಗಳು ಪಾದರಸಕ್ಕೆ
ಮೀಥೈಲಿನ ಅಂಗಿ ತೊಡಿಸಿದವು.
ಹೆಸರಿನಲ್ಲೇ ಪಾದವಿರುವುದು, ನಡೆಯದೆ ಇದ್ದೀತೆ?
ಹುಳುವಿನಿಂದ ಪರ್ಚ್ ಮೀನಿಗೆ, ಪರ್ಚಿನಿಂದ ಪೈಕಿಗೆ,
ಪೈಕಿನಿಂದ ಅಜ್ಜಿಯ ಬಾಣಲೆಗೆ,
ಅಲ್ಲಿಂದ ಬೆಣ್ಣೆ ಉಪ್ಪಿನ ಜೊತೆ
ಜಡೆಗೆ.

ಯಂತ್ರ ತುಣುಕು ತುಣುಕಾಗಿ ಸುಟ್ಟು ಹೇಳಿತು.
ಹನ್ನೊಂದು. ಹನ್ನೆರಡು. ಹನ್ನೊಂದೂವರೆ.
ಆಮೇಲೆ ಎಂಟು, ಐದು, ಮೂರು, ಎರಡು—
ಏಳು ಸೆಂಟಿಮೀಟರ್ ಉದ್ದದ ಇಳಿಜಾರು.
ಮತ್ತೆ ಏರಿ ಹಳೆಯ ಜಾಗದಲ್ಲೇ ಕೂತಿತು.

ಪ್ರೊಫೆಸರ್ ವೆಸ್ತರಿನೆನ್ ಕನ್ನಡಕ ಹಣೆಗೇರಿಸಿದರು:
'ತೊಳೆಯುವಾಗ ತಪ್ಪಾಗಿರಬೇಕು. ಮತ್ತೆ ಮಾಡು.'
ಮಾಡಿದಳು. ಬೇರೆ ಎಳೆಗಳು, ಅದೇ ಇಳಿಜಾರು.

ಭಾನುವಾರ ಫೋನು.
'ಅಜ್ಜಿ, ಎಪ್ಪತ್ತರ ಆಗಸ್ಟಿನಲ್ಲಿ ಮೀನು ಬಿಟ್ಟಿದ್ದೆಯಾ?'
ಅತ್ತ ಪಾತ್ರೆಗಳ ಸದ್ದು ನಿಂತಿತು, ನಲ್ಲಿಯದು ನಿಲ್ಲಲಿಲ್ಲ.
'ಯಾರು ಹೇಳಿದರು?'
'ನಿನ್ನ ಕೂದಲು.'
ನಲ್ಲಿಯೂ ನಿಂತಿತು.

'ವೈನೋ ಹೋದದ್ದು ಆ ನೀರಿಗೆ. ಆರು ವರ್ಷ.
ಮುಳುಗಿದ ಮರದ ಕೊಂಬೆಗೆ ಸ್ವೆಟರ್ ಸಿಕ್ಕಿಕೊಂಡಿತ್ತು.
ಹನ್ನೆರಡು ದಿನ ಹುಡುಕಿದರು.
ಆ ಹನ್ನೆರಡು ದಿನ ಮೀನುಗಳು ಕೆಳಗೇ ಇದ್ದವಲ್ಲ.'
ತುಸು ಹೊತ್ತು ಬಿಟ್ಟು,
'ಫೆಬ್ರವರಿಗೆ ಆಲೂಗಡ್ಡೆ ಮುಗಿಯಿತು. ಉಳಿದ ಮೂವರಿಗೆ ಹಸಿವು.
ಬಡಿಸುವವಳು ಉಪ್ಪು ನೋಡದೆ ಇರಲಾಗುತ್ತದಾ?'

ಪ್ರಬಂಧದ ನಾಲ್ಕನೇ ನಕ್ಷೆಯ ಕೆಳಗೆ ಸಣ್ಣಕ್ಷರದಲ್ಲಿದೆ:
ಕೆ-೧೭, ಆಹಾರಕ್ರಮದಲ್ಲಿ ತಾತ್ಕಾಲಿಕ ಬದಲಾವಣೆ.
ವೆಸ್ತರಿನೆನ್ ಅಲ್ಲೊಂದು ಅಲ್ಪವಿರಾಮ ತಿದ್ದಿದರು, ಅಷ್ಟೆ.
ಆ ಏಳು ತಿಂಗಳನ್ನು ಎರಡು ಸಲ ಸುಟ್ಟು ಓದಿಯಾಗಿತ್ತು.

ಡಬ್ಬಿಯನ್ನು ಅಜ್ಜಿ ವಾಪಸು ಕೇಳಲಿಲ್ಲ.
ಕಾಲುಚೀಲ ಹಿಮ್ಮಡಿಯಲ್ಲಿ ಬಿಗಿಯಾಗುತ್ತದಾ
ಎಂದು ಮಾತ್ರ ಕೇಳಿದಳು.