ಇನ್ನೂರ ಹನ್ನೆರಡನೇ ಸೆಂಟಿಮೀಟರ್

ಹೊನ್ನಾವರದಿಂದ ಮೀನಿನ ವ್ಯಾನಿನಲ್ಲೇ ಬಂತು,
ಬಂಗುಡೆಗಳ ಪಕ್ಕ, ಐಸಿನ ನಡುವೆ,
ಬಂಗಾಳಕೊಲ್ಲಿಯ ತಳದ ಮೂರು ಮೀಟರ್ ಕೆಸರು.
ಜೋಗದ ತಿರುವಿನಲ್ಲಿ ಪೊಲೀಸರು ಕೇಳಿದರಂತೆ: ಕೊಳವೆಯಲ್ಲೇನು?
ಮಣ್ಣು, ಎಂದನಂತೆ ಡ್ರೈವರ್ ಇನಾಸ.
ಮಣ್ಣಿಗೂ ಐಸಾ? ನಕ್ಕು ಬಿಟ್ಟುಬಿಟ್ಟರಂತೆ.

ಶಂಕರಘಟ್ಟದ ಲ್ಯಾಬಿನಲ್ಲಿ ಕೊಳವೆ ಸೀಳಿದೆ.
ಕಾರಿಡಾರಿನ ತುದಿಯವರೆಗೆ ಕೊಳೆತ ಮೊಟ್ಟೆ.
ಎಲ್ಲರೂ ಓಡಿದರು, ವಾಚ್‌ಮನ್ ಚೌಡಪ್ಪ ಮಾತ್ರ ಹತ್ತಿರ ಬಂದ:
'ನಮ್ಮ ಕೆಳಗದ್ದೆ ವಾಸನೆ ಅಲ್ವೇನ್ರೀ ಮೇಡಂ,
ನೇಗಿಲು ಆಳಕ್ಕಿಳಿದಾಗ ಏಳೋ ಕಪ್ಪು.'
ಅದನ್ನೇ ನಾನು ಪ್ರಬಂಧದ ಮೂರನೇ ಅಧ್ಯಾಯದಲ್ಲಿ
ಹದಿನೆಂಟು ಪುಟ ಬರೆದಿದ್ದೆ.

ಗಾಳಿಯಿಲ್ಲದ ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವಗಳು
ಕಡಲುಪ್ಪಿನ ಗಂಧಕವನ್ನೇ ಉಸಿರಾಡುತ್ತವೆ.
ಅವು ಬಿಟ್ಟ ಉಸಿರು ಕಬ್ಬಿಣವನ್ನು ಹಿಡಿದು ಕಪ್ಪಾಗುತ್ತದೆ,
ಕಾದರೆ, ಬಹಳ ಕಾದರೆ,
ಸಾಸಿವೆಯ ನೂರನೇ ಪಾಲಿನಷ್ಟು ಹೊಂಬಣ್ಣದ ಗೊಂಚಲು.
ಎಷ್ಟು ಕಬ್ಬಿಣ ಸಿಕ್ಕಿಬಿತ್ತು, ಎಷ್ಟು ತಪ್ಪಿಸಿಕೊಂಡಿತು,
ನಾನು ಅಳೆಯುವುದು ಇಷ್ಟನ್ನೇ.
ಆಮ್ಲ ಬಿದ್ದರೆ ಗಂಧಕ ಆವಿಯಾಗಿ ಎದ್ದು
ಸತುವಿನ ನೀರಲ್ಲಿ ಒಡೆದ ಹಾಲಾಗುತ್ತದೆ.
ಕಬ್ಬಿಣ ಮಾತ್ರ ನೇರಳೆ ಬಣ್ಣಕ್ಕೆ ತಿರುಗಿ ಒಪ್ಪಿಕೊಳ್ಳುತ್ತದೆ,
ಕದ್ದು ನೇರಳೆಹಣ್ಣು ತಿಂದ ಹುಡುಗನ ನಾಲಗೆಯ ಹಾಗೆ.

ಇನ್ನೂರ ಹನ್ನೊಂದರವರೆಗೆ ಎಲ್ಲ ಸರಿಯಿತ್ತು.
ಆಮೇಲೆ ನೈಟ್ರೋಜನ್ ಸಿಲಿಂಡರ್ ಮುಗಿಯಿತು.
ಮಾಚೇನಹಳ್ಳಿಗೆ ಫೋನ್ ಮಾಡಿದರೆ,
'ನಾಳೆ ಅಮಾವಾಸ್ಯೆ, ನಾಡಿದ್ದು ಗಾಡಿ ಕಳಿಸ್ತೀವಿ.'
ಪ್ಲಾಸ್ಟಿಕ್ ಚೀಲ ನಿಧಾನ ಸೊರಗಿತು.
ಹೊಲಿಗೆ ಬಿಟ್ಟಲ್ಲಿಂದ ಗಾಳಿ, ನಾವು ಬದುಕುವ ಇದೇ ಗಾಳಿ,
ಒಳಗೆ ಹೋಯಿತು.
ನೋಡುತ್ತಿದ್ದಂತೆ ಕಪ್ಪು ಕಂದಾಯಿತು,
ಅಂಚಿನಿಂದ ಒಳಗೆ, ಹೆಚ್ಚಿಟ್ಟ ಬದನೆಯಂತೆ.
ಸಾವಿರಾರು ವರ್ಷದ ಗುಟ್ಟು
ಚಹಾ ಆರುವಷ್ಟರಲ್ಲಿ ತುಕ್ಕು.

ಆ ಬಣ್ಣ ನನಗೆ ಗೊತ್ತು.
ಗುಡ್ಡದ ಬುಡದ ಒಸರುಗುಂಡಿಯಲ್ಲಿ ತೇಲುವ ಕೆಂಪು ಕೆನೆ,
ಕೊಡ ಮುಳುಗಿಸುವ ಮೊದಲು ಅಮ್ಮ ಅಂಗೈಯಲ್ಲಿ ಸರಿಸುತ್ತಿದ್ದದ್ದು.
ಭದ್ರೆಯೂ ಹಾಗೇ: ಪಡುಗಡಲು ಕೂಗಳತೆಯಲ್ಲಿದ್ದರೂ
ಬೆನ್ನು ತಿರುಗಿಸಿ ಮೂಡಣಕ್ಕೆ ಹೊರಟವಳು,
ಸೆರಗಿನ ತುಂಬ ನಮ್ಮ ಕೆಮ್ಮಣ್ಣು.
ಈ ಕಬ್ಬಿಣ ಇಲ್ಲಿಂದಲೇ ಹೋದದ್ದಿರಬಹುದೇ?
ನನ್ನ ಯಂತ್ರ ಕಬ್ಬಿಣವನ್ನು ಎಣಿಸುತ್ತದೆ, ಊರು ಕೇಳುವುದಿಲ್ಲ.

ಪುಸ್ತಕದಲ್ಲಿ ಬರೆದೆ:
೨೧೨. ಗಾಳಿ ಸೋಕಿದೆ. ಲೆಕ್ಕಕ್ಕಿಲ್ಲ.

'ಎಸೆಯೋದಾದ್ರೆ ನನಗೆ ಕೊಡಿ, ಮೆಣಸಿನ ಗಿಡಕ್ಕೆ,' ಎಂದ ಚೌಡಪ್ಪ.
ಉಪ್ಪಿದೆ ಮಾರಾಯ, ಗಿಡ ಸಾಯುತ್ತೆ.
'ಒಂದು ಬುಡಕ್ಕೆ ಮಾತ್ರ ಹಾಕ್ತೀನಿ.
ಪಕ್ಕದ್ದಕ್ಕೆ ಹಾಕಲ್ಲ. ನೋಡೋಣ.'