ಆರೋ ಒಂಬತ್ತೋ

ಬೈಕಂಪಾಡಿಯ ನಮ್ಮ ಮೀನುಹುಡಿ ಕಾರ್ಖಾನೆಗೆ
ರಿಜಿಸ್ಟರ್ಡ್ ಅಂಚೆಯಲ್ಲಿ ಬಂತು ಲಕೋಟೆ.
ಬೂತಾಯಿ ಬೇಯುವ ವಾಸನೆಗೆ ಮೂಗು ಮುಚ್ಚಿಕೊಂಡೇ
ಸಹಿ ಹಾಕಿಸಿಕೊಂಡ ಪೋಸ್ಟಿನವ.

‘ಹೋದ ವರ್ಷ ನೀವು ಬಿಟ್ಟ ಇಂಗಾಲ
ನಾಲ್ಕು ಸಾವಿರದ ನೂರ ಹನ್ನೆರಡು ದಶಾಂಶ ಆರು ಟನ್.
ಅದರ ಹಿಂದಿನ ವರ್ಷವೂ
ನಾಲ್ಕು ಸಾವಿರದ ನೂರ ಹನ್ನೆರಡು ದಶಾಂಶ ಆರು.
ವಿವರಣೆ ಕೊಡಿ. ದಂಡ ಕಟ್ಟಿ.’
ವರದಿ ಸಲ್ಲಿಸಿದವರು ಎಂಬಲ್ಲಿ ನನ್ನ ಹೆಸರು,
ಸೆವ್ರಿನ್ ಮೊಂತೇರೊ.
ಕಾಗುಣಿತ ಕೂಡ ಸರಿಯಾಗಿತ್ತು.

ಚಿಕ್ಕಂದಿನಲ್ಲಿ ಕುಮ್ಸಾರಿಗೆ ಮೊಣಕಾಲೂರಿ
ಜಾಲರಿಯ ಆಚೆಗೆ ಹೇಳುತ್ತಿದ್ದೆ:
ಸುಳ್ಳು ನಾಲ್ಕು ಸಲ, ತಂಗಿಗೆ ಹೊಡೆದದ್ದು ಎರಡು ಸಲ.
ತಿಂಗಳು ತಿಂಗಳೂ ಅದೇ ನಾಲ್ಕು, ಅದೇ ಎರಡು,
ಲೆಕ್ಕ ಯಾರಿಟ್ಟಿದ್ದರು!
ಒಮ್ಮೆ ಪಾದ್ರಿ ಕೆಮ್ಮಿ ಕೇಳಿದರು,
‘ಹೋದ ತಿಂಗಳೂ ನಾಲ್ಕೇ ಅಲ್ಲವಾ ಮಗಾ?’
ಪ್ರಾಯಶ್ಚಿತ್ತ ಮೂರು ನಮಾನ್ ಮರಿಯೆ.
ಮುಗಿಸಿ ಹೊರಬಂದು ತಂಗಿಗೆ ಹೊಡೆದೆ.

ಮ್ಯಾನೇಜರು ನಕ್ಕರು. ‘ಇಷ್ಟೇಯಾ?
ಬಂದರಿನಲ್ಲಿ ಲಾರಿ ಒಂದು ದಿನ ನಿಂತರೆ
ಇದಕ್ಕಿಂತ ಹೆಚ್ಚು.’
ಚೆಕ್ಕು ಬರೆದದ್ದು ನಾನು.
ಅದೇ ದಿನ, ಕೂಳೂರು ಸಂಕದಲ್ಲಿ ಬಸ್ಸು ಸಿಕ್ಕಿಬಿದ್ದು
ಹತ್ತು ನಿಮಿಷ ತಡವಾದ ಪ್ಯಾಕಿಂಗಿನ ಹುಡುಗಿಗೆ
ಅರ್ಧ ದಿನದ ಸಂಬಳ ಮುರಿದದ್ದೂ ನಾನೇ.

ಈ ವರ್ಷ ಹಳೆಯ ಫೈಲು ತೆರೆಯಲಿಲ್ಲ.
ಬಾಯ್ಲರಿನ ಲೋಕಯ್ಯ ಸಾಲ್ಯಾನರ ನೋಟುಬುಕ್ಕು ತರಿಸಿದೆ.
ಹನ್ನೊಂದು ವರ್ಷ ಯಾರೂ ಕೇಳದ ಪುಸ್ತಕ,
ಮೀನೆಣ್ಣೆಯ ಜಿಡ್ಡಿಗೆ ಹಾಳೆ ಹಾಳೆಗೆ ಅಂಟಿದ್ದು.
ಪೆನ್ಸಿಲಿನಲ್ಲಿ ಕನ್ನಡ ಅಂಕಿ:
ಸೌದೆ ಇಷ್ಟು ಲೋಡು, ಎಣ್ಣೆ ಇಷ್ಟು ಬ್ಯಾರೆಲ್ಲು.
ನಡುವೆ ಎಲ್ಲೋ,
‘ಪಡುಗಾಳಿ. ಹೊಗೆ ಶಾಲೆಯ ಕಡೆ. ಬೆಂಕಿ ತಗ್ಗಿಸಿದೆ.’
ಕೂಡುತ್ತ ಹೋದೆ.
ದೀಪಾವಳಿಗೆ ಮೊದಲೇ ಹಳೆಯ ಸಂಖ್ಯೆ ದಾಟಿತು.

ಫೆಬ್ರವರಿಯ ಒಂದು ಸಾಲಿನಲ್ಲಿ ಬೆರಳು ನಿಂತಿತು.
೬ ಇರಬಹುದು. ೯ ಇರಬಹುದು.
ಜಿಡ್ಡಿನೊಳಗೆ ಬಾಲ ಎತ್ತ ತಿರುಗಿದೆ, ಕಾಣದು.
ಆರು ಎಂದು ಹಾಕಿದರೆ
ಕೇಳುವವರು ಯಾರೂ ಇಲ್ಲ.

ಇಪ್ಪತ್ತೆರಡು ಮೆಟ್ಟಿಲು ಇಳಿದೆ.
ಬಾಯ್ಲರಿನ ಸದ್ದಿನಲ್ಲಿ ಪುಸ್ತಕ ಎತ್ತಿ ಹಿಡಿದು ಕೂಗಿದೆ.
ಅವರು ಲುಂಗಿಗೆ ಕೈ ಒರೆಸಿಕೊಂಡು,
ಹಾಳೆಯನ್ನಲ್ಲ, ಹೊಗೆಕೊಳವೆಯನ್ನು ನೋಡಿ,
ಆ ದಿನ ಯಾವುದೆಂದು ತುಸು ಹೊತ್ತು ಹುಡುಕಿ,
‘ಒರ್ಂಬ, ಬಾಯಮ್ಮ’ ಎಂದರು.