ಒಲೆಯುಳ್ಳವರ ಓಟು

ನಮ್ಮ ಟ್ರೆವೆನಕ್ ಊರಿನ ಕಾನೂನು ಇಷ್ಟೆ:
ಯಾರ ಮನೆಯಲ್ಲಿ ಪರರ ಹಂಗಿಲ್ಲದೆ
ಒಂದು ಪಾತ್ರೆ ಕುದಿಯುತ್ತದೋ
ಅವನಿಗೊಂದು ಓಟು.
ಅವನಿಗೆ. ಕುದಿಸುವವಳಿಗಲ್ಲ.

ಅದಕ್ಕೇ ಚುನಾವಣೆ ಬಂತೆಂದರೆ
ಮೀನುಗಾರರ ಓಣಿಯುದ್ದಕ್ಕೂ ಒಲೆಗಳು ಬೀದಿಗೆ ಬರುತ್ತವೆ.
ಮೇಯರ್ ಸಾಹೇಬರು ಬೆತ್ತದ ತುದಿಯಲ್ಲಿ ಮುಚ್ಚಳ ಎತ್ತಿ
ಮೂಸುತ್ತಾರೆ: ಟರ್ನಿಪ್ಪೋ, ಬಾರ್ಲಿಯೋ, ಬರೀ ನೀರೋ.
ಹಬೆ ಎದ್ದರೆ ಸಾಕು, ಹೆಸರು ಬರೆದುಕೊಳ್ಳುತ್ತಾರೆ.
ಎದುರುಮನೆ ಹ್ಯಾನಿಬಲ್ ಬೇಯಿಸಿದ್ದು ಹರಿದ ಬೂಟು.
ಅವನ ಹೆಸರೂ ಇದೆ.

ಎಂಬತ್ತನೇ ಇಸವಿಯ ಸೆಪ್ಟೆಂಬರಿನಲ್ಲಿ
ಲಂಡನ್ನಿನ ಏಜೆಂಟ್ ನಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.
ಲಂಚ ಅಪರಾಧವಮ್ಮ, ಅಂದ.
ಈ ಪಾತ್ರೆ ಚೆನ್ನಾಗಿದೆ, ಕೊಂಡುಕೊಳ್ಳುತ್ತೇನೆ, ಅಂದ.
ಮೂರುಕಾಲಿನ ಕಬ್ಬಿಣ, ಒಂದು ಕಾಲು ಮೊಂಡು,
ನನ್ನ ಅತ್ತೆಯ ಅತ್ತೆಯದು.
ಐದು ಗಿನಿ!
ಕೊಂಡವನು ಒಯ್ಯಲಿಲ್ಲ. ಇಲ್ಲೇ ಇರಲಿ, ಬಳಸಿಕೊಳ್ಳಿ, ಎಂದು
ಟೋಪಿ ಎತ್ತಿ ಮುಂದಿನ ಒಲೆಗೆ ಹೋದ.
ಅಂದಿನಿಂದ ಪಾತ್ರೆ ಅವರದು,
ಬೇಯುವುದು ನಾವು.
ಅದರಲ್ಲೇ ಅವರು ಏಳು ವರ್ಷಕ್ಕಾಗುವಷ್ಟು
ತಮ್ಮ ಬೇಳೆ ಬೇಯಿಸಿಕೊಂಡರು.

ದುಡ್ಡು ಎಲ್ಲಿಂದ ಬಂತೆಂದು ಡಿಗರಿಯನ್ನು ಕೇಳಿದೆ.
ಧಣಿ ಬಂಗಾಳದಲ್ಲಿದ್ದನಂತೆ,
ಬರದ ವರ್ಷ ಅಕ್ಕಿ ಮಾರಿದನಂತೆ.
ಅಲ್ಲಿಯವರ ಒಲೆಗಳೋ? ಅಂದೆ.
ಅವನು ಗಿನಿಯನ್ನು ಹಲ್ಲಿಗೆ ಕಚ್ಚಿ ನೋಡುತ್ತಿದ್ದ.

ಎರಡು ಚಳಿಗಾಲ ಕಳೆದವು.
ಶಾಲೆಯ ಮೇಷ್ಟ್ರು ಜೋನಾಸ್ ಪೆಂಗೆಲಿ
ಚರ್ಮದ ಸುರುಳಿ ಬಿಚ್ಚಿಕೊಂಡು ಬಂದರು,
ಮೂಗಿನ ತುದಿಯಲ್ಲಿ ನೆಗಡಿಯ ಹನಿ.
ಪಾರ್ಲಿಮೆಂಟಿಗೆ ಮನವಿ:
ಮೂರು ವರ್ಷಕ್ಕೊಮ್ಮೆ ಚುನಾವಣೆ ಆಗಲಿ,
ಕೆಲಸವೇ ಇಲ್ಲದ ಹುದ್ದೆಗೆ ಸಂಬಳ ನಿಲ್ಲಲಿ.
ಓದುತ್ತಾ ಓದುತ್ತಾ ಅವರ ದನಿ ನಡುಗಿತು.
ನಾನು ಸೌಟು ಆಡಿಸುವುದನ್ನು ಮರೆತೆ, ತಳ ಹಿಡಿಯಿತು.

ಡಿಗರಿ ಕಿವಿ ಕೆರೆದುಕೊಂಡ.
ಸಹಿ ಹಾಕಿದರೆ ಪಾತ್ರೆ ಬಿಡಬೇಕಾದೀತು ಮೇಷ್ಟ್ರೇ,
ಎಂದು ಬಲೆ ಹೊಲಿಯಲು ಹೋದ.

ನಾನು ಪಾತ್ರೆಯ ತಳಕ್ಕೆ ಹೆಬ್ಬೆರಳೊತ್ತಿ
ಆ ಮಸಿಯನ್ನು ಸುರುಳಿಯ ಅಂಚಿಗೆ ಒತ್ತಿದೆ.
ಲವ್‌ಡೇ ಟ್ರೆವಿನ್, ಅಂದೆ, ಪಕ್ಕದಲ್ಲಿ ಬರೆಯಿರಿ.

ಮೇಷ್ಟ್ರು ಒಳ್ಳೆಯವರು. ನಗಲಿಲ್ಲ.
ಹೆಣ್ಣಿನ ಗುರುತು ಕಂಡರೆ
ಇಡೀ ಮನವಿಯನ್ನೇ ತಳ್ಳಿಹಾಕುತ್ತಾರಮ್ಮ, ಅಂದರು,
ಲೇಖನಿ ಹೆರೆಯುವ ಚಾಕು ತೆಗೆದು
ಆ ಅಂಚನ್ನು ನೀಟಾಗಿ ಕತ್ತರಿಸಿದರು,
ತುಂಡನ್ನು ನನ್ನ ಅಂಗೈಯಲ್ಲಿಟ್ಟು
ಕ್ಷಮಿಸಿ ಅಂದರು.

ಬೆರಳುದ್ದದ ಕುರಿಚರ್ಮ.
ಏನು ಮಾಡಲಿ? ಟರ್ನಿಪ್ಪಿನ ಜೊತೆ ಪಾತ್ರೆಗೆ ಹಾಕಿದೆ.
ಚರ್ಮ ತಾನೆ,
ಬೇಯುವುದು ತಡ.